ಶಾಲೆಗಾಗಿ ಒಂದು ಹಾಡಿನ ಸಂಜೆ: ಊರಿನ ಹುಡುಗ ಹುಡುಗಿಯರಿಗೆ ಸಮಗ್ರ ಮಾರ್ಗದರ್ಶಿ

ನಮ್ಮೂರ ಯುವಕ ಸಂಘ ಮೊದಲ ಸಲ ಶಾಲೆಯ ಸಹಾಯಾರ್ಥ ಕಾರ್ಯಕ್ರಮ ಮಾಡಿದಾಗ ಪಟ್ಟಣದಿಂದ ಆರ್ಕೆಸ್ಟ್ರಾ ಕರೆಸಿದ್ದೆವು. ರಸಮಂಜರಿ ಎಂದು ಬಸ್ ನಿಲ್ದಾಣದಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದೆವು, ಜನವೂ ಕಿಕ್ಕಿರಿದು ಬಂದರು. ಎಲ್ಲ ಮುಗಿದು ಹಾಡಿನವರಿಗೆ, ಮೈಕ್‌ಸೆಟ್‌ನವರಿಗೆ, ಶಾಮಿಯಾನದವರಿಗೆ ಕೊಟ್ಟ ಮೇಲೆ ಉಳಿದದ್ದು ಒಂದು ಗೋಡೆ ಗಡಿಯಾರಕ್ಕೆ ಆಗುವಷ್ಟು ಹಣ. ಗಡಿಯಾರ ತಂದು ಕೊಟ್ಟಾಗ ಹೆಡ್‌ಮೇಡಂ ಅದನ್ನು ಕೈಗೆ ತೆಗೆದುಕೊಂಡು, "ಚಲೋ ಐತ್ರಪಾ. ಆದ್ರ ನಿನ್ನೆ ಸ್ಟೇಜಿನ ಮ್ಯಾಲ ನಮ್ಮ ಹುಡುಗ್ರು ಎಲ್ಲಿದ್ರು?" ಎಂದು ಕೇಳಿದರು. ಶಾಲೆಯ ಹೆಸರಿನಲ್ಲಿ ಮೂರು ತಾಸು ಹಾಡು ನಡೆದಿತ್ತು, ಆದರೆ ಆ ಶಾಲೆಯ ಒಂದು ಮಗುವೂ ಬಾಯಿ ತೆರೆದಿರಲಿಲ್ಲ.

ಆ ಪ್ರಶ್ನೆ ನಮ್ಮ ಕೆಲಸದ ಕ್ರಮವನ್ನೇ ತಿರುಗಿಸಿತು. ಅಂದಿನಿಂದ ನಾವು ಮೊದಲು ಶಾಲೆಯೊಳಗೆ ಹಾಡುತ್ತೇವೆ, ವೇದಿಕೆ ಕಟ್ಟುವುದು ಆಮೇಲೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಮಕ್ಕಳ ಜೊತೆ ಕೂತರೆ ಡಿಸೆಂಬರ್ ಹೊತ್ತಿಗೆ ಊರಿನ ಮುಂದೆ ನಿಲ್ಲಬಹುದು. ಈ ಬರಹ ಆ ಆರು ತಿಂಗಳ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತದೆ.

ಹಾಡಿ ಶಾಲೆ ಸಾಕುವುದು ನಮ್ಮ ನಾಡಿಗೆ ಹೊಸದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಮತ್ತು ಬಡ ಮಕ್ಕಳನ್ನು ಜೊತೆಗಿಟ್ಟುಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ಅಷ್ಟು ಮಕ್ಕಳ ಊಟಕ್ಕೆ ದಾರಿಯಾಗಲೆಂದು ನಾಟಕ ಕಂಪನಿ ಕಟ್ಟಿದರು. ಕಲಿತ ಮಕ್ಕಳೇ ಹಾಡಿ, ನುಡಿಸಿ, ಬಣ್ಣ ಹಚ್ಚಿ ಆಶ್ರಮವನ್ನು ನಡೆಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ನಾಟಕಗಳನ್ನು ಬರೆದು ಅದೇ ಕಾಯಕವನ್ನು ದಶಕಗಳ ಕಾಲ ಮುಂದುವರಿಸಿದರು. ಅಲ್ಲಿ ಕಲಿಕೆ ಬೇರೆ, ಹಣ ಕೂಡಿಸುವುದು ಬೇರೆ ಆಗಿರಲಿಲ್ಲ. ನಮ್ಮಂಥ ಸಣ್ಣ ಸಂಘಗಳು ಅಲ್ಲಿಂದ ಕಲಿಯಬೇಕಾದದ್ದು ಇದನ್ನೇ.

ಮೊದಲ ಹೆಜ್ಜೆ: ಶಾಲೆಯ ಬಾಗಿಲು ತಟ್ಟುವುದು

ನಾಲ್ಕೈದು ಜನ ಸಾಕು. ಅವರಲ್ಲಿ ಇಬ್ಬರಿಗಾದರೂ ಶ್ರುತಿಗೆ ನಿಂತು ಹಾಡಲು ಬರಬೇಕು, ಒಬ್ಬರಿಗೆ ತಾಳ ಹಿಡಿಯಲು ಬರಬೇಕು, ಒಬ್ಬರು ಲೆಕ್ಕ ಬರೆಯುವವರು ಇರಬೇಕು. ತಂಡದಲ್ಲಿ ಯುವತಿಯರು ಇರಲೇಬೇಕು. ಹೆಣ್ಣುಮಕ್ಕಳು ಅಭ್ಯಾಸಕ್ಕೆ ಧೈರ್ಯವಾಗಿ ಬರುವುದು, ತಾಯಂದಿರು ಕಳಿಸುವುದು ಅದರಿಂದಲೇ.

ಮುಖ್ಯ ಶಿಕ್ಷಕರಿಗೆ ಒಂದು ಪುಟದ ಅರ್ಜಿ ಕೊಡಿ. ಯಾವ ದಿನ, ಎಷ್ಟು ಹೊತ್ತು, ಯಾರು ಯಾರು ಬರುತ್ತೀರಿ, ಏನು ಕಲಿಸುತ್ತೀರಿ, ಇಷ್ಟು ಬರೆದರೆ ಸಾಕು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಆ ಅರ್ಜಿಯನ್ನು ಇಡಿಸಿ, ನಡಾವಳಿ ಪುಸ್ತಕದಲ್ಲಿ ಒಪ್ಪಿಗೆ ಬರೆಸಿ. ಈ ಸಮಿತಿಯಲ್ಲಿ ಪೋಷಕರೇ ಹೆಚ್ಚಾಗಿರುತ್ತಾರೆ, ಮುಖ್ಯ ಶಿಕ್ಷಕರು ಕಾರ್ಯದರ್ಶಿಯಾಗಿರುತ್ತಾರೆ. ಮುಂದೆ ಹಣದ ವಿಷಯ ಬಂದಾಗ ಈ ಒಂದು ಸಾಲಿನ ಠರಾವು ನಿಮ್ಮ ಬೆನ್ನಿಗೆ ನಿಲ್ಲುತ್ತದೆ. ಬಾಯಿಮಾತಿನ ಒಪ್ಪಿಗೆ ನೆಚ್ಚಿಕೊಂಡು ಹೊರಟರೆ, ಹೆಡ್‌ಮಾಸ್ತರರಿಗೆ ವರ್ಗವಾದ ದಿನ ಎಲ್ಲ ಮೊದಲಿನಿಂದ ಶುರುವಾಗುತ್ತದೆ.

ಶನಿವಾರ ಬೆಳಗಿನ ಶಾಲೆ ಇರುವುದರಿಂದ ಕೊನೆಯ ನಲವತ್ತು ನಿಮಿಷ ಕೇಳಿಕೊಳ್ಳಿ. ಬ್ಯಾಗ್ ರಹಿತ ದಿನವಿದ್ದರೆ ಇನ್ನೂ ಒಳ್ಳೆಯದು. ಒಂದರಿಂದ ಮೂರನೇ ತರಗತಿಯವರಿಗೆ ನಲಿ-ಕಲಿಯಲ್ಲಿ ಹಾಡು, ಅಭಿನಯ ಹೇಗೂ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರ ನಡುವೆ ಹುಟ್ಟಿ ನಾಡೆಲ್ಲ ಹಬ್ಬಿದ ಪದ್ಧತಿ ಅದು. ಹಾಡು ಬಿಟ್ಟುಹೋಗುವುದು ಮೂರನೇ ತರಗತಿಯ ನಂತರ. ಆದ್ದರಿಂದ ನೀವು ನಾಲ್ಕರಿಂದ ಏಳು ಅಥವಾ ಎಂಟನೇ ತರಗತಿಯವರನ್ನು ಹಿಡಿಯಿರಿ.

ಒಂದು ನಿಯಮವನ್ನು ಮೊದಲ ದಿನವೇ ಹಾಕಿಕೊಳ್ಳಿ. ಯಾವ ಮಗುವೂ ಒಬ್ಬ ದೊಡ್ಡವರ ಜೊತೆ ಒಂಟಿಯಾಗಿ ಕೋಣೆಯಲ್ಲಿ ಇರಬಾರದು. ಅಭ್ಯಾಸದ ಹೊತ್ತಿಗೆ ಶಿಕ್ಷಕಿ ಅಥವಾ ಇಬ್ಬರು ತಾಯಂದಿರು ಇರಲಿ, ಬಾಗಿಲು ತೆರೆದಿರಲಿ, ಹೊತ್ತು ಮುಳುಗುವ ಮೊದಲೇ ಮಕ್ಕಳು ಮನೆ ಸೇರಲಿ. ಮಕ್ಕಳ ಸಹಾಯವಾಣಿ 1098 ಅನ್ನು ಅಭ್ಯಾಸದ ಕೋಣೆಯ ಗೋಡೆಗೆ ಬರೆಯಿರಿ.

ಎರಡನೇ ಹೆಜ್ಜೆ: ಹಾಡು ಕಲಿಸುವುದು

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಹೆಚ್ಚಿನ ತಂಡಗಳು ಎಡವುವುದು ಇಲ್ಲಿ.

ಮೊದಲ ತಪ್ಪು ಶ್ರುತಿಯದು. ಕಲಿಸುವ ಹುಡುಗ ತನ್ನ ಗಂಟಲಿಗೆ ಒಗ್ಗಿದ ಕಪ್ಪು ಒಂದರಲ್ಲಿ (ಮೊದಲ ಕಪ್ಪು ಮನೆಯಲ್ಲಿ) ಹಾರ್ಮೋನಿಯಂ ಒತ್ತುತ್ತಾನೆ. ಮಕ್ಕಳು ಅಷ್ಟು ಕೆಳಗೆ ಹೋಗಲಾರದೆ ಗೊಣಗುತ್ತಾರೆ, ಇಲ್ಲವೇ ಒಂದು ಸ್ಥಾಯಿ ಮೇಲೆ ಹಾರಿ, ಚರಣದ ತಾರಸ್ಥಾಯಿ ಬಂದಾಗ ಕಿರುಚುತ್ತಾರೆ. ಕೇಳಿದವರು "ಈ ಮಕ್ಕಳಿಗೆ ಶ್ರುತಿಯೇ ಇಲ್ಲ" ಅನ್ನುತ್ತಾರೆ. ತಪ್ಪು ಮಕ್ಕಳದಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಹೆಂಗಸರು ಹಾಡುವ ಐದು, ಐದೂವರೆ, ಆರರ ಶ್ರುತಿ (ಹಾರ್ಮೋನಿಯಂನ ಬಿಳಿ ಮನೆಗಳ ಎಣಿಕೆಯಲ್ಲಿ) ಹೊಂದುತ್ತದೆ. ಷಡ್ಜವನ್ನು, ಅಂದರೆ ‘ಸ’ ಸ್ವರವನ್ನು, ಅಲ್ಲಿಟ್ಟು ನೋಡಿ, ಅದೇ ಮಕ್ಕಳು ಗಂಟಲು ಬಿಗಿಯದೆ ಹಾಡುತ್ತಾರೆ. ಕಲಿಸುವವರು ಯುವತಿಯಾಗಿದ್ದರೆ ಈ ತೊಂದರೆಯೇ ಬರುವುದಿಲ್ಲ. ಗಂಡು ದನಿಯನ್ನು ಅನುಕರಿಸುವುದು ಚಿಕ್ಕ ಮಕ್ಕಳಿಗೆ ಕಷ್ಟ.

ಎಂಟು ಒಂಬತ್ತನೇ ತರಗತಿಯ ಹುಡುಗರಿಗೆ ದನಿ ಒಡೆಯುತ್ತಿರುತ್ತದೆ. ಅವರನ್ನು ನೋಡಿ ನಕ್ಕರೆ ಜೀವಮಾನವಿಡೀ ಹಾಡುವುದನ್ನು ಬಿಡುತ್ತಾರೆ. ಹಾಗೆ ಬಿಟ್ಟವರನ್ನು ನಾನು ಬಲ್ಲೆ. ಅವರ ಕೈಗೆ ತಾಳ, ದಮ್ಮಡಿ, ಢೋಲಕ್ ಕೊಡಿ, ಸೊಲ್ಲನ್ನು (ಮರಳಿ ಮರಳಿ ಬರುವ ಸಾಲನ್ನು) ಕೆಳಗಿನ ಸ್ಥಾಯಿಯಲ್ಲಿ ಹಿಡಿಯಲು ಹೇಳಿ. ಒಂದು ವರ್ಷ ದಾಟಿದರೆ ಅವರೇ ನಿಮ್ಮ ಒಳ್ಳೆಯ ಹಿಮ್ಮೇಳ.

ಕಲಿಸುವ ರೀತಿ ಹೀಗಿರಲಿ. ಮೊದಲ ಹತ್ತು ನಿಮಿಷ ಹಾಡಿನ ಮಾತನ್ನು ಮಾತಾಗಿಯೇ ಹೇಳಿಸಿ, ಅರ್ಥ ಬಿಡಿಸಿ. ಕೂರಿಗೆ, ಮೇಟಿ, ಬೀಸುಕಲ್ಲು ಮುಂತಾದ ಪದ ಬಂದರೆ ವಸ್ತುವನ್ನೇ ತೋರಿಸಿ. ಕೂರಿಗೆ ಈಗಲೂ ಯಾರದೋ ಹಿತ್ತಲಿನಲ್ಲಿ ಇದ್ದೇ ಇರುತ್ತದೆ. ಆಮೇಲೆ ಹಾಡದೆ ಬರೀ ಚಪ್ಪಾಳೆಯಲ್ಲಿ ತಾಳ ಹಾಕಿಸಿ. ನಮ್ಮ ಕಡೆಯ ಹೆಚ್ಚಿನ ಪದಗಳು ಆರು ಅಥವಾ ಎಂಟು ಮಾತ್ರೆಯ ನಡೆಯಲ್ಲಿ, ಅಂದರೆ ದಾದ್ರಾ ಅಥವಾ ಕೆಹರವಾದಲ್ಲಿ ಕೂರುತ್ತವೆ. ಕಾಲಿನ ಹೆಜ್ಜೆಯಲ್ಲಿ ತಾಳ ಬಂದ ಮೇಲೆ ಒಂದೊಂದೇ ಸಾಲು ನೀವು ಹಾಡಿ, ಅವರು ಮರಳಿ ಹಾಡಲಿ. ಸಾಹಿತ್ಯದ ಹಾಳೆ ಹಂಚಬೇಡಿ. ಹಾಳೆ ಕೈಯಲ್ಲಿದ್ದರೆ ಕಣ್ಣು ಹಾಳೆಯಲ್ಲಿರುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ. ತಿಂಗಳಿಗೆ ಎರಡು ಹಾಡು ಸಾಕು. ನವೆಂಬರ್ ಹೊತ್ತಿಗೆ ಹತ್ತು ಹಾಡು ಕೈಯಲ್ಲಿರುತ್ತವೆ, ಅದರಲ್ಲಿ ಆರು ವೇದಿಕೆಗೆ ಹೋಗುತ್ತವೆ.

ಮೊಬೈಲಿನ ಕರೋಕೆ ಟ್ರ್ಯಾಕ್ ಬೇಡ. ಅದು ಮಗುವಿಗಾಗಿ ಕಾಯುವುದಿಲ್ಲ, ಮಗುವೇ ಅದರ ಹಿಂದೆ ಓಡಬೇಕಾಗುತ್ತದೆ. ಬರೀ ತಾಳ ಮತ್ತು ಹಾರ್ಮೋನಿಯಂ ಇದ್ದರೆ ಹಾಡು ಮಕ್ಕಳ ಉಸಿರಿನ ಹದಕ್ಕೆ ನಡೆಯುತ್ತದೆ.

"ಚೆನ್ನಾಗಿ ಹಾಡುವ ಹತ್ತು ಮಕ್ಕಳನ್ನು ಆರಿಸಿ" ಎಂಬ ಒತ್ತಡ ಬರುತ್ತದೆ, ಒಪ್ಪಬೇಡಿ. ಸ್ಪರ್ಧೆಗೆ ಪ್ರತಿಭಾ ಕಾರಂಜಿ ಇದೆ. ಈ ಕೆಲಸ ಇಡೀ ತರಗತಿಯದು. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಎರಡು ತಿಂಗಳು ಬಾಯಿ ತೆರೆಯಲಿಲ್ಲ. ನಾವು ಅವನನ್ನು ಎಬ್ಬಿಸಿ ಹಾಡಿಸಲಿಲ್ಲ, ತಾಳ ಕೊಟ್ಟು ಕೂರಿಸಿದೆವು. ದಸರಾ ರಜೆ ಮುಗಿಸಿ ಬಂದವನು ಇಡೀ ಹಾಡನ್ನು ಹೇಳಿದ. ಮನೆಯಲ್ಲಿ ಎಮ್ಮೆ ಕಾಯುವಾಗ ಒಬ್ಬನೇ ಹಾಡಿಕೊಂಡಿದ್ದನಂತೆ.

ಮೂರನೇ ಹೆಜ್ಜೆ: ಊರಿನ ದನಿಗಳನ್ನು ಹುಡುಕುವುದು

ಮಕ್ಕಳಿಗೆ ಕಲಿಸಲು ಹಾಡು ಎಲ್ಲಿಂದ ತರುತ್ತೀರಿ? ಯೂಟ್ಯೂಬ್ ತೆರೆಯುವ ಮೊದಲು ನಿಮ್ಮ ಓಣಿ ಸುತ್ತಿ. ಭಜನಾ ಮೇಳದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವರು, ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಅಜ್ಜಿಯರು, ಡೊಳ್ಳಿನ ಮೇಳ, ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಚೌಡಿಕೆ ನುಡಿಸುವವರು ನಿಮ್ಮಲ್ಲೂ ಇರಬಹುದು. ಮೈಸೂರು ಚಾಮರಾಜನಗರದ ಕಡೆಯವರಾದರೆ ಕಂಸಾಳೆಯವರು, ಮಂಟೇಸ್ವಾಮಿಯ ನೀಲಗಾರರು. ಬೆಳಗಾವಿ ವಿಜಯಪುರದ ಕಡೆಯಾದರೆ ಡಪ್ಪು ತುಂತುಣಿಯ ಗೀಗೀ ಮೇಳ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇದೇ ಗೀಗೀ ಮೇಳಗಳು ಹಳ್ಳಿಗಳಿಗೆ ಚಳವಳಿಯ ಸುದ್ದಿಯನ್ನು ಹಾಡಿ ಮುಟ್ಟಿಸಿದ್ದವು. ಊರಿನ ಕೆಲಸಕ್ಕೆ ಹಾಡು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಚಾರವಲ್ಲ.

ಹೋಗುವಾಗ ರೆಕಾರ್ಡ್ ಮಾಡಲು ಮೊಬೈಲ್ ಮುಂದೆ ಹಿಡಿದುಕೊಂಡು ಹೋಗಬೇಡಿ. ಮೊದಲ ಸಲ ಬರೀ ಕೂತು ಕೇಳಿ. ನಮ್ಮ ಓಣಿಯ ಒಬ್ಬ ಅಜ್ಜಿ ಮೂರು ಸಲ ಹೋದರೂ "ನನಗೇನ್ ಬರ್ತೈತಪಾ" ಎಂದೇ ಕಳಿಸಿದರು. ನಾಲ್ಕನೇ ಸಲ ಅವರು ಶೇಂಗಾ ಒಡೆಯುತ್ತ ಕೂತಿದ್ದರು, ನಮ್ಮ ತಂಡದ ಹುಡುಗಿಯೂ ಪಕ್ಕದಲ್ಲಿ ಕೂತು ಒಡೆಯತೊಡಗಿದಳು. ಅರ್ಧ ಬುಟ್ಟಿ ಮುಗಿಯುವ ಹೊತ್ತಿಗೆ ಬೀಸುವ ಪದ ತಾನಾಗಿ ಬಂತು. "ಇದನ್ನ ಮೈಕಿನಾಗ ಹಾಡ್ತಾರೇನ ತಂಗಿ? ಇದು ಹಿಟ್ಟು ಬೀಸೂ ಹಾಡು" ಅಂದರು. ಆ ವರ್ಷ ಐವತ್ತೆರಡು ಮಕ್ಕಳು ಅದನ್ನು ಹಾಡಿದರು, ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ತುಟಿ ಆಡಿಸುತ್ತಿದ್ದರು.

ಎರಡು ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಡೊಳ್ಳು ಬೀರಪ್ಪನ ಪೂಜೆಗೆ ಸೇರಿದ ವಾದ್ಯ, ಚೌಡಿಕೆಗೂ ಅದರದೇ ಆಚರಣೆ ಇದೆ. ಆ ಮೇಳದ ಹಿರಿಯರನ್ನು ಕೇಳದೆ ಮಕ್ಕಳ ಕೈಗೆ ಕೊಡಬೇಡಿ. ಕೇಳಿದರೆ ಬಹುತೇಕ ಅವರೇ ಬಂದು ಕಲಿಸುತ್ತಾರೆ. ಎರಡನೆಯದು, ಕಲಾವಿದರಿಗೆ ಸಂಭಾವನೆ ಕೊಡಿ. ಶಾಲೆಗೆ ಒಳ್ಳೆಯದಾಗಲಿ ಎಂದು ಪುಕ್ಕಟೆ ಹಾಡಿಸಿಕೊಂಡು ಶಾಲು ಹೊದಿಸಿ ಕಳಿಸುವುದು ಸರಿಯಲ್ಲ. ಅವರು ಆ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಕೂಲಿಗಿಂತ ಹೆಚ್ಚು ಕೊಡಿ, ಲಕೋಟೆಯಲ್ಲಿಟ್ಟು ಕೊಡಿ, ಹೋಗುವ ಬರುವ ಖರ್ಚು ಬೇರೆ ಕೊಡಿ. ಅದರಲ್ಲಿ ಒಂದಿಷ್ಟನ್ನು ಅವರೇ ಶಾಲೆಗೆ ಹಿಂದಿರುಗಿಸಿದರೆ ಅದು ಅವರ ದೊಡ್ಡತನ.

ನಾಲ್ಕನೇ ಹೆಜ್ಜೆ: ಒಂದೇ ಬೇಡಿಕೆ

"ಶಾಲೆಯ ಅಭಿವೃದ್ಧಿಗಾಗಿ" ಎಂದು ಬರೆದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. ಒಂದು ವಸ್ತು, ಒಂದು ಬೆಲೆ ಹೇಳಿ. ಎರಡನೇ ವರ್ಷ ನಾವು ಕೇಳಿದ್ದು ಸಂಜೆ ಓದುವ ಮಕ್ಕಳ ಕೋಣೆಗೆ ಇನ್ವರ್ಟರ್, ಬ್ಯಾಟರಿ ಮತ್ತು ನಾಲ್ಕು ದೀಪ. ಕರೆಂಟ್ ಹೋಗುವುದು ಎಲ್ಲರ ಮನೆಯ ಅನುಭವ, ಹಾಗಾಗಿ ವಿವರಿಸುವುದೇ ಬೇಕಾಗಲಿಲ್ಲ. ಅಂಗಡಿಯಿಂದ ತಂದ ₹28,000ದ ಕೊಟೇಶನ್ನನ್ನು ಶಾಲೆಯ ಬಾಗಿಲಿಗೆ ಅಂಟಿಸಿದೆವು.

ಏನು ಕೇಳಬಾರದು ಎಂಬುದೂ ಮುಖ್ಯ. ಕೊಠಡಿ, ಶೌಚಾಲಯ, ಕುಡಿಯುವ ನೀರು 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯಲ್ಲಿ ಇರಲೇಬೇಕಾದವು, ಅದು ಸರ್ಕಾರದ ಹೊಣೆ. ಅದಕ್ಕೆ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ, ಎಸ್‌ಡಿಎಂಸಿಯಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆಸಿ, ಬೆನ್ನು ಹತ್ತಿ. ಹಾಡಿ ಕೂಡಿಸಿದ ಹಣದಿಂದ ಚಾವಣಿ ಹಾಕಿಸಿದರೆ, ಹಾಕಬೇಕಾದವರು ಆರಾಮವಾಗಿ ಕೂರುತ್ತಾರೆ. ಹಾಡಿನ ಹಣ ವಾದ್ಯಕ್ಕೆ, ಓದಿನ ಕೋಣೆಗೆ, ದೂರದ ಪ್ರೌಢಶಾಲೆಗೆ ಹೋಗುವ ಹುಡುಗಿಯರ ಆಟೋ ಬಾಡಿಗೆಗೆ ಹೋಗಲಿ.

ಐದನೇ ಹೆಜ್ಜೆ: ದಿನ, ಜಾಗ, ಅನುಮತಿ

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಡಿಸೆಂಬರ್ ಕೊನೆ ಅಥವಾ ಸಂಕ್ರಾಂತಿಯ ಸುತ್ತಮುತ್ತ ಒಳ್ಳೆಯದು. ಫೆಬ್ರವರಿ ಹತ್ತಿರವಾದಂತೆ ಹತ್ತನೇ ತರಗತಿಯವರ ಪರೀಕ್ಷೆಯ ಓದಿಗೆ ತೊಂದರೆ. ಅಕ್ಕಪಕ್ಕದ ಊರಿನ ಜಾತ್ರೆ, ದೊಡ್ಡ ಮನೆತನದ ಮದುವೆ ಇಲ್ಲದ ದಿನ ನೋಡಿ. ಹುಣ್ಣಿಮೆಯ ಆಸುಪಾಸಾದರೆ ಹೊಲದ ಮನೆಗಳಿಂದ ನಡೆದು ಬರುವವರಿಗೆ ಅನುಕೂಲ.

ಜಾಗ ಶಾಲೆಯ ಅಂಗಳವೇ ಆಗಲಿ. ಊರವರು ತಮ್ಮ ಶಾಲೆಯೊಳಗೆ ಕಾಲಿಟ್ಟು ಎಷ್ಟೋ ವರ್ಷವಾಗಿರುತ್ತದೆ. ದೇವಸ್ಥಾನದ ಮುಂದೆ ಮಾಡಿದರೆ ಕೆಲವರು ದೂರವೇ ನಿಲ್ಲುತ್ತಾರೆ, ಶಾಲೆಯ ಅಂಗಳಕ್ಕೆ ಎಲ್ಲ ಓಣಿಯವರೂ ಬರುತ್ತಾರೆ. ನಮಗೆ ಇದು ಹಣಕ್ಕಿಂತ ದೊಡ್ಡ ವಿಷಯ.

ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಮೈಕು ಹಚ್ಚುವಂತಿಲ್ಲ, ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬಲ್. ಒಂದು ವಾರ ಮೊದಲೇ ಅರ್ಜಿ ಕೊಡಿ, ಶಾಲೆಯ ಒಪ್ಪಿಗೆ ಪತ್ರದ ಪ್ರತಿ ಜೊತೆಗಿರಲಿ. ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಕೊಡಿ. ವಿದ್ಯುತ್ತಿಗೆ ಕಂಬಕ್ಕೆ ತಂತಿ ಕೊಕ್ಕೆ ಹಾಕುವ ಚಾಳಿ ಬೇಡವೇ ಬೇಡ, ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ ಅದು. ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ ಅಥವಾ ಜನರೇಟರ್ ತನ್ನಿ.

ಆರನೇ ಹೆಜ್ಜೆ: ಹಾಡಿನ ಹಕ್ಕು

ಇದನ್ನು ಯಾರೂ ಹೇಳುವುದಿಲ್ಲ, ಆದರೆ ತಿಳಿದಿರಬೇಕು. ಜನಪದ ಪದ, ವಚನ, ದಾಸರ ಪದ, ಶಿಶುನಾಳ ಷರೀಫರ (1819–1889) ತತ್ವಪದಗಳ ಮೂಲ ಸಾಹಿತ್ಯ ಎಲ್ಲರ ಸೊತ್ತು. ನಮ್ಮ ಕಾಯ್ದೆಯಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಕ್ಕಳಿಗಾಗಿ ಬರೆದ ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರ ಪದ್ಯಗಳು ಎಂದೋ ಮುಕ್ತವಾಗಿವೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಕವಿತೆಗಳು 2024ರ ಜನವರಿಯಿಂದ ಮುಕ್ತ. ಬೇಂದ್ರೆ (1981), ಕುವೆಂಪು (1994) ಅವರ ಹಕ್ಕುಗಳು ಇನ್ನೂ ಇವೆ. ಮುಕ್ತವಾದ ಪದ್ಯಕ್ಕೂ ಈಚಿನವರು ಹಾಕಿದ ರಾಗ ಸಂಯೋಜನೆಗೆ ಬೇರೆ ಹಕ್ಕು ಇರುತ್ತದೆ ಎಂಬುದು ನೆನಪಿರಲಿ.

ಹಾಗೆಂದು ಹೆದರಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಹವ್ಯಾಸಿ ಸಂಘವು ಹಣ ತೆರದ ಪ್ರೇಕ್ಷಕರ ಮುಂದೆ ಹಾಡಿದರೆ ಅದನ್ನು ಉಲ್ಲಂಘನೆ ಎನ್ನುವುದಿಲ್ಲ. ನಾವು ಟಿಕೆಟ್ ಇಡದೆ ಪ್ರವೇಶ ಮುಕ್ತವಾಗಿಡುವುದಕ್ಕೆ ಇದೂ ಒಂದು ಕಾರಣ. ಟಿಕೆಟ್ ಇಡುವುದಾದರೆ ಹಕ್ಕು ಇರುವ ಹಾಡುಗಳಿಗೆ ಹಕ್ಕುದಾರರಿಂದ ಅಥವಾ ಗೀತರಚನಕಾರರ, ಸಂಗೀತಗಾರರ ಪರವಾಗಿ ಪರವಾನಗಿ ಕೊಡುವ ಐಪಿಆರ್‌ಎಸ್ ಸಂಸ್ಥೆಯಿಂದ ಅನುಮತಿ ಪಡೆಯಿರಿ. ಯೂಟ್ಯೂಬಿಗೆ ಹಾಕುವುದು ಬೇರೆಯೇ ವಿಷಯ. ಅಲ್ಲಿಗೆ ಮುಕ್ತವಾದ ಹಾಡುಗಳನ್ನಷ್ಟೇ, ಅದೂ ಮಕ್ಕಳ ತಂದೆತಾಯಿಯ ಒಪ್ಪಿಗೆ ಬರೆಸಿಕೊಂಡ ಮೇಲೆ ಹಾಕಿ.

ಏಳನೇ ಹೆಜ್ಜೆ: ಹಣ

ಖರ್ಚಿನ ಹಣ ಬೇರೆ, ಶಾಲೆಯ ಹಣ ಬೇರೆ. ಈ ಗೆರೆಯನ್ನು ದಾಟಬೇಡಿ. ಎರಡನೇ ವರ್ಷ ನಮ್ಮ ಖರ್ಚು ಹೀಗಿತ್ತು: ಮೈಕ್‌ಸೆಟ್, ದೀಪ ₹7,500, ಕಲಾವಿದರ ಸಂಭಾವನೆ ₹6,000, ಮಕ್ಕಳಿಗೆ ಅವಲಕ್ಕಿ ಚಹಾ ₹2,200, ಕರಪತ್ರ ಮತ್ತು ರಸೀದಿ ಪುಸ್ತಕ ₹800, ಒಟ್ಟು ₹16,500. ಇದನ್ನು ಸಂಘದ ಹನ್ನೊಂದು ಜನ ತಲೆಗೆ ₹1,500ರಂತೆ ಮೊದಲೇ ಹಾಕಿದೆವು. ಆದ್ದರಿಂದ ವೇದಿಕೆಯಲ್ಲಿ ನಿಂತು, "ಜೋಳಿಗೆಗೆ ಬಿದ್ದ ಪ್ರತಿ ರೂಪಾಯಿಯೂ ಶಾಲೆಗೆ" ಎಂದು ಹೇಳಲು ಸಾಧ್ಯವಾಯಿತು. ಆ ಮಾತು ಹೇಳಲಾಗದಿದ್ದರೆ ಕಾರ್ಯಕ್ರಮವನ್ನು ಇನ್ನೂ ಚಿಕ್ಕದು ಮಾಡಿ. ಶಾಮಿಯಾನ, ಹಾರ ತುರಾಯಿ, ಸ್ಮರಣಿಕೆ ಎಲ್ಲ ತೆಗೆದುಹಾಕಬಹುದು.

ಹಣ ಎಸ್‌ಡಿಎಂಸಿಯ ಬ್ಯಾಂಕ್ ಖಾತೆಗೇ ಹೋಗಲಿ. ಫೋನ್‌ಪೇ, ಗೂಗಲ್ ಪೇ ಕ್ಯೂಆರ್ ಸಂಘದ ಅಧ್ಯಕ್ಷರ ಹೆಸರಿನಲ್ಲಿ ಇಡಬೇಡಿ. ಅವರು ಎಷ್ಟೇ ಪ್ರಾಮಾಣಿಕರಿರಲಿ, ನಾಳೆ ಒಂದು ಮಾತು ಬಂದರೆ ಉತ್ತರ ಕೊಡುವುದು ಕಷ್ಟ. ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ ಮಾಡಿಸಿ, ಹತ್ತು ರೂಪಾಯಿಗೂ ರಸೀದಿ ಹರಿಯಿರಿ.

ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಮಕ್ಕಳ ಅಭ್ಯಾಸದ ಅರ್ಧ ನಿಮಿಷದ ದನಿ ಕಳಿಸಿ. ಫೋಟೊಗಿಂತ ದನಿ ಹೆಚ್ಚು ತಟ್ಟುತ್ತದೆ. ವಿದೇಶದಲ್ಲಿರುವವರ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕೊಟ್ಟರೆ ಅದು 2010ರ ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ಬರುತ್ತದೆ, ನೋಂದಣಿ ಇಲ್ಲದ ಸಂಘ ಪಡೆಯುವಂತಿಲ್ಲ. ಅಂಥ ಹಿತೈಷಿಗಳಿಗೆ ಇದನ್ನು ಬಿಡಿಸಿ ಹೇಳಿ, ಊರಿಗೆ ಬಂದಾಗ ಒಂದು ಶನಿವಾರ ಮಕ್ಕಳ ಜೊತೆ ಕೂರಲು ಕರೆಯಿರಿ.

ಎಂಟನೇ ಹೆಜ್ಜೆ: ಮೈಕು ಮತ್ತು ಆ ಸಂಜೆ

ಮೈಕ್‌ಸೆಟ್‌ನವರು ನಾಲ್ಕು ಗಂಟೆಗೇ ಬಂದು ಜೋಡಿಸಬೇಕು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಮಕ್ಕಳ ಗುಂಪಿಗೆ ಎರಡು ಸ್ಟ್ಯಾಂಡ್ ಮೈಕು, ಮೊದಲ ಸಾಲಿನಿಂದ ಎರಡು ಮೂರು ಅಡಿ ದೂರದಲ್ಲಿ, ಬಾಯಿಯ ಎತ್ತರಕ್ಕಿಂತ ತುಸು ಮೇಲೆ. ಸ್ಪೀಕರುಗಳು ಮೈಕಿಗಿಂತ ಮುಂದಿರಲಿ, ಜನರ ಕಡೆ ಮುಖ ಮಾಡಿರಲಿ. ಹಿಂದಿದ್ದರೆ ಮೈಕು ಕುಯ್ ಎಂದು ಕೂಗಿ ಮಕ್ಕಳನ್ನು ಹೆದರಿಸುತ್ತದೆ. ಎಕೋ ಪೂರ್ತಿ ಬಂದ್ ಮಾಡಿಸಿ, ಮಾತು ಕೇಳದ ಹಾಡು ಯಾರಿಗೂ ಬೇಡ. ಡೊಳ್ಳಿಗೆ ಮೈಕೇ ಬೇಡ.

ಆರೂವರೆಗೆ ಶುರು, ಒಂಬತ್ತೂಕಾಲಿಗೆ ಮುಕ್ತಾಯ. ಮಕ್ಕಳ ಹಾಡು ಮೊದಲು ಇರಲಿ. ಗಣ್ಯರ ಭಾಷಣ ಮುಗಿಯುವವರೆಗೆ ಮಕ್ಕಳನ್ನು ಕಾಯಿಸಿ, ಅವರು ತೂಕಡಿಸುತ್ತ ವೇದಿಕೆ ಹತ್ತುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ವೇದಿಕೆಯ ಮೇಲೆ ಕುರ್ಚಿಗಳ ಸಾಲು ಹಾಕಬೇಡಿ, ಅತಿಥಿಗಳೂ ಕೆಳಗೆ ಜನರ ಜೊತೆ ಕೂರಲಿ. ಮಾತು ಎರಡೇ ಇರಲಿ, ಒಂದು ಸ್ವಾಗತ, ಇನ್ನೊಂದು ಬೇಡಿಕೆ, ಎರಡೂ ಸೇರಿ ಹತ್ತು ನಿಮಿಷ ಮೀರದಿರಲಿ.

ಬೇಡಿಕೆಯ ಮಾತು ಅರ್ಧದಲ್ಲಿ ಬರಬೇಕು. ಮಕ್ಕಳ ನಾಲ್ಕು ಹಾಡು, ಸೋಬಾನೆ ಅಜ್ಜಿಯರು, ತತ್ವಪದ ಆದ ಮೇಲೆ ಎಸ್‌ಡಿಎಂಸಿಯ ಒಬ್ಬ ತಾಯಿ ಎದ್ದು ವಸ್ತು ಯಾವುದು, ಬೆಲೆ ಎಷ್ಟು ಎಂದು ಹೇಳಲಿ. ಆಮೇಲೆ ಭಜನೆಯವರು ಹಾಡುತ್ತಿರುವಾಗ ಜೋಳಿಗೆ ತಿರುಗಲಿ. ಜೋಳಿಗೆಯನ್ನು ಸಂಘದವರು ಹಿಡಿಯಬೇಕು, ಮಕ್ಕಳ ಕೈಗೆ ಎಂದೂ ಕೊಡಬೇಡಿ. ಅವರು ಅಂದು ಹಾಡುಗಾರರಾಗಿ ಬಂದವರು, ಬೇಡಲು ಬಂದವರಲ್ಲ. "ನಮ್ಮ ಬಡ ಮಕ್ಕಳು" ಎಂಬ ಮಾತು ಮೈಕಿನಲ್ಲಿ ಬಾರದಂತೆ ನಿರೂಪಕರಿಗೆ ಮೊದಲೇ ಹೇಳಿಡಿ.

ಕೊನೆಯ ಹಾಡು ಎಲ್ಲರಿಗೂ ಗೊತ್ತಿರುವ ಸೊಲ್ಲಿನ ಪದವಾಗಿರಲಿ. ಮಕ್ಕಳು ಹೇಳಲಿ, ಅಂಗಳ ಮರಳಿ ಹೇಳಲಿ. ಹೆಣ್ಣುಮಕ್ಕಳನ್ನು ಓಣಿವಾರು ಗುಂಪು ಮಾಡಿ ಮನೆ ಮುಟ್ಟಿಸುವ ಹೊಣೆಯನ್ನು ಇಬ್ಬರಿಗೆ ಹೆಸರು ಹಿಡಿದು ಒಪ್ಪಿಸಿ.

ಮರುದಿನದಿಂದ

ಹಣವನ್ನು ಅಂದೇ ರಾತ್ರಿ, ಅದೇ ಅಂಗಳದಲ್ಲಿ, ಎಲ್ಲರ ಎದುರು ಎಣಿಸಿ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು, ಸಂಘದ ಖಜಾಂಚಿ ಮೂವರೂ ಸಹಿ ಹಾಕಲಿ, ಮೊತ್ತವನ್ನು ಮೈಕಿನಲ್ಲಿ ಓದಿ. ನಮ್ಮ ಜೋಳಿಗೆಯಲ್ಲಿ ₹31,460 ಇತ್ತು. ಬ್ಯಾಂಕ್ ತೆರೆದ ಮೊದಲ ದಿನ ಖಾತೆಗೆ ಕಟ್ಟಿ ಚಲನ್ನಿನ ಪ್ರತಿಯನ್ನು ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಿದೆವು. ಇನ್ವರ್ಟರ್ ಕೂಡಿಸಿದ ಬಿಲ್ಲನ್ನೂ ಅಲ್ಲೇ ಹಚ್ಚಿದೆವು. ಉಳಿದ ₹3,460ರಲ್ಲಿ ಹಳೆಯ ಹಾರ್ಮೋನಿಯಂ ದುರಸ್ತಿ ಮಾಡಿಸಿ ಎರಡು ದಮ್ಮಡಿ ತಂದೆವು. ಇಡೀ ಲೆಕ್ಕವನ್ನು ಜನವರಿ 26ರಂದು ಧ್ವಜ ಹಾರಿಸಿದ ಮೇಲೆ ಮತ್ತೊಮ್ಮೆ ಓದಿದೆವು, ಏಕೆಂದರೆ ಅಂದು ಊರು ಹೇಗೂ ಶಾಲೆಯಲ್ಲಿ ಸೇರಿರುತ್ತದೆ.

ಮುಂದಿನ ಶನಿವಾರದ ಅಭ್ಯಾಸವನ್ನು ತಪ್ಪಿಸಬೇಡಿ. ಕಾರ್ಯಕ್ರಮ ಮುಗಿಯಿತೆಂದು ತಂಡ ಹೋಗದಿದ್ದರೆ, ವೇದಿಕೆಗಾಗಿಯೇ ನಮ್ಮನ್ನು ಹಾಡಿಸಿದರು ಎಂದು ಮಕ್ಕಳಿಗೆ ತಿಳಿದುಬಿಡುತ್ತದೆ. ಆ ಶನಿವಾರ ಹೊಸ ಹಾಡು ಬೇಡ, ಅವರಿಗೆ ಇಷ್ಟವಾದದ್ದನ್ನು ಅವರೇ ಆರಿಸಿ ಹಾಡಲಿ.

ಏಪ್ರಿಲ್‌ನಲ್ಲಿ ಏಳನೇ ತರಗತಿಯವರು ಶಾಲೆ ಬಿಡುವ ಮೊದಲು ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಆ ವರ್ಷ ಕಲಿತ ಹಾಡುಗಳನ್ನು ಅವರ ಕೈಬರಹದಲ್ಲೇ ಬರೆಸಿ. ಪ್ರತಿ ಹಾಡಿನ ಕೆಳಗೆ ಯಾರ ಬಾಯಿಂದ ಕೇಳಿದ್ದು, ಯಾವ ಓಣಿ, ಯಾವ ಶ್ರುತಿ, ಯಾವ ತಾಳ ಎಂದು ಒಂದು ಸಾಲು ಇರಲಿ. ಪುಸ್ತಕವನ್ನು ಹಾರ್ಮೋನಿಯಂ ಪೆಟ್ಟಿಗೆಯಲ್ಲೇ ಇಡಿ. ನಮ್ಮದು ಈಗ ಮೂರನೇ ಪುಸ್ತಕದಲ್ಲಿದೆ. ಶೇಂಗಾ ಒಡೆಯುತ್ತಿದ್ದ ಅಜ್ಜಿಯ ಹಾಡು ಮೊದಲ ಪುಸ್ತಕದ ನಾಲ್ಕನೇ ಪುಟದಲ್ಲಿದೆ, ಜೂನ್‌ನಲ್ಲಿ ಹೊಸದಾಗಿ ನಾಲ್ಕನೇ ತರಗತಿಗೆ ಬಂದವರಿಗೆ ನಾವು ಅದನ್ನೇ ಮೊದಲು ಕಲಿಸುತ್ತೇವೆ.